ಗುರುವಿನ ಕೈಗೆ ಮೈದಾ ಮೆತ್ತಿರಬೇಕು

ಹಾಸನದಲ್ಲಿ ಕಂಪ್ಯೂಟರ್ ಗೊತ್ತಿರುವವರಿಗೆ ಬರವಿಲ್ಲ. ಯಾವ ಬೀದಿ ನೋಡಿದರೂ ನಾಲ್ಕು ಮನೆಯ ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ಶುಕ್ರವಾರ ರಾತ್ರಿ ಲ್ಯಾಪ್‌ಟಾಪ್ ಬ್ಯಾಗ್ ಬೆನ್ನಿಗೆ ಹಾಕಿಕೊಂಡು ಬಸ್ಸಿಳಿಯುತ್ತಾರೆ, ಭಾನುವಾರ ರಾತ್ರಿ ಉಪ್ಪಿನಕಾಯಿ ಡಬ್ಬಿ ಸಮೇತ ಹತ್ತುತ್ತಾರೆ. ಅದು ಸಾಲದು ಅಂತ ಊರಲ್ಲೇ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್ ಇದೆ, 1982ರಲ್ಲಿ ಶುರುವಾದದ್ದು. ಸುಮಾರು 36,000 ಕಿಲೋಮೀಟರ್ ಮೇಲಿರುವ ಉಪಗ್ರಹ ಒಂಚೂರು ಆಚೀಚೆ ಆದರೂ ಇಲ್ಲಿ ಕೂತೇ ಸರಿ ಮಾಡುತ್ತಾರೆ. ಆದರೆ ಆಲೂಗಡ್ಡೆ ಮಂಡಿಯಲ್ಲಿ ಲೆಕ್ಕ ಬರೆಯುವ ನನ್ನಂಥವನಿಗೆ ಪಕ್ಕದಲ್ಲಿ ಕೂತು ಪೈಥಾನ್ ಅನ್ನುವ ಕಂಪ್ಯೂಟರ್ ಭಾಷೆ ಹೇಳಿಕೊಡುವವರು ಬೇಕು ಅಂದರೆ ಊರೆಲ್ಲ ಸುತ್ತಬೇಕು.

ಪೈಥಾನ್ ನನಗೆ ಯಾಕೆ ಬೇಕಾಯಿತು ಅಂದರೆ, ಬಿತ್ತನೆ ಗಡ್ಡೆಯ ಕಾಲದಲ್ಲಿ ಜಲಂಧರ್ ಕಡೆಯಿಂದ ಲಾರಿಗಳು ಬಂದು ನಿಂತಾಗ ನಮ್ಮ ಎಕ್ಸೆಲ್ ಫೈಲು ತೆರೆಯುವಷ್ಟರಲ್ಲಿ ಹೊರಗೆ ಹೋಗಿ ಕಾಫಿ ಕುಡಿದು ಬರಬಹುದು. ರೈತರ ಹೆಸರು, ಚೀಲ, ತೂಕ, ಹಮಾಲಿ, ಬಾಕಿ. ಇಷ್ಟನ್ನು ಕೂಡಿಸಿಕೊಡುವ ಒಂದು ಪುಟ್ಟ ಪ್ರೋಗ್ರಾಂ ನಾನೇ ಬರೆದರೆ ಹೇಗೆ ಅಂತ ಆಸೆ ಹುಟ್ಟಿತು. ಯಜಮಾನರು "ಬರಿ ಬರಿ. ಪುಸ್ತಕದಲ್ಲೂ ಒಂದ್ಸಲ ಬರಿ" ಅಂದರು. ಅನುಭವಸ್ಥರು.

ಮೊದಲು ಕೈಗೆ ಸಿಕ್ಕವನು ಭಾಮೈದ. ಬೆಂಗಳೂರಿನಲ್ಲಿ ಮ್ಯಾನೇಜರ್. "ಪೈಥಾನಾ? ಅದೇನ್ ಮಹಾ ಭಾವ, ಎರಡು ದಿನದ ಕೆಲಸ" ಅಂದ. ಹಬ್ಬಕ್ಕೆ ಬಂದಾಗ ಹಿಡಿದು ಕೂರಿಸಿದೆ. ನಾನು ಕೀಬೋರ್ಡಿನಲ್ಲಿ ಚೌಕದ ಬ್ರ್ಯಾಕೆಟ್ ಎಲ್ಲಿದೆ ಅಂತ ಹುಡುಕುತ್ತಿದ್ದೆ. ಅವನ ಕಾಲು ಅಲುಗಾಡೋಕೆ ಶುರುವಾಯಿತು. ಆಮೇಲೆ ಬೆರಳು. ಕೊನೆಗೆ ತಡೆಯಲಾರದೆ "ಭಾವ, ಸ್ವಲ್ಪ ಜರುಗಿ" ಅಂದ. ಜರುಗಿದೆ. ಕಪ್ಪು ಪರದೆ ತೆರೆದು ಟಕಟಕ ಅಂತ ಏನೇನೋ ಹೊಡೆದು "ನೋಡಿ, ಇಷ್ಟೇ. ವರ್ಚುವಲ್ ಎನ್ವಿರಾನ್‌ಮೆಂಟ್ ಹಾಕಿದೀನಿ, ಆ್ಯಕ್ಟಿವೇಟ್ ಮಾಡೋದು ಮರೀಬೇಡಿ" ಅಂತ ಹೋಳಿಗೆ ತಿನ್ನಲು ಎದ್ದುಹೋದ. ಈಜು ಕಲಿಸ್ತೀನಿ ಬಾ ಅಂತ ಕರೆದು, ತಾನೊಬ್ಬನೇ ಕೆರೆಗೆ ಹಾರಿ ಆಚೆ ದಡದಲ್ಲಿ ನಿಂತು ಕೈ ಬೀಸಿದ ಹಾಗಾಯಿತು. ಆ್ಯಕ್ಟಿವೇಟ್ ಮಾಡುವುದು ಹೇಗೆ ಅಂತ ಫೋನ್ ಮಾಡಿದರೆ ಸದಾ ಮೀಟಿಂಗಿನಲ್ಲಿರುತ್ತಾನೆ.

ಗೊತ್ತಿರುವವರಲ್ಲಿ ಈ ಜರುಗಿ ಜಾತಿಯವರೇ ಜಾಸ್ತಿ ಅಂತ ನನ್ನ ಅಂದಾಜು. ಕೆಟ್ಟವರಲ್ಲ, ಪಾಪ. ಇನ್ನೊಬ್ಬರು ನಿಧಾನವಾಗಿ ತಪ್ಪು ಮಾಡುವುದನ್ನು ನೋಡಿಕೊಂಡು ಸುಮ್ನೆ ಕೂರುವುದು ಅವರ ಕೈಲಾಗದು. ಫೋನಿನಲ್ಲಿರುವ ಎಐ ಕೂಡ ಇದೇ ಜಾತಿ. ಒಂದು ಸಾಲು ಕೇಳಿದರೆ ಅರವತ್ತು ಸಾಲು ಬರೆದುಕೊಡುತ್ತದೆ. ಮೇಲಿಂದ "ಒಳ್ಳೆ ಪ್ರಶ್ನೆ ಕೇಳಿದಿರಿ" ಅಂತ ಬೆನ್ನು ಬೇರೆ ತಟ್ಟುತ್ತದೆ. ಮಂಡಿಯಲ್ಲಿ ಅಷ್ಟು ಹೊಗಳುವವರು ಸಾಲ ಕೇಳಲು ಬಂದವರು ಮಾತ್ರ.

ಆಮೇಲೆ ಮಹಾರಾಜ ಪಾರ್ಕಿಗೆ ವಾಕಿಂಗ್ ಬರುವ ನಿವೃತ್ತ ಎಂಜಿನಿಯರ್ ರಾಯರು. ಅವರು ಕೀಬೋರ್ಡ್ ಮುಟ್ಟುವವರೇ ಅಲ್ಲ, ಕಾಗದದ ಮನುಷ್ಯ. ಹಳೇ ಲಗ್ನಪತ್ರಿಕೆಯ ಹಿಂದೆ ಬರೆದು ಕಲಿಸುತ್ತಾರೆ. ತೊಂದರೆ ಏನೆಂದರೆ ಅವರಿಗೆ ಗೊತ್ತಿದ್ದದ್ದು ಫೋರ್ಟ್ರಾನ್, ಐಬಿಎಂನವರು 1957ರಲ್ಲಿ ಹೊರತಂದ ಭಾಷೆ. "ಫೋರ್ಟ್ರಾನ್ ಬಂದ್ರೆ ಎಲ್ಲಾ ಬಂದ ಹಾಗೇನಪ್ಪ" ಅಂತ ಶುರುಮಾಡಿದರು. ಅವರ ಕಾಲದಲ್ಲಿ ಪ್ರೋಗ್ರಾಮನ್ನು ರಟ್ಟಿನ ಕಾರ್ಡುಗಳಲ್ಲಿ ತೂತು ಹೊಡೆದು ಕೊಡುತ್ತಿದ್ದರು. ಒಂದು ಕಾರ್ಡಿಗೆ 80 ಕಾಲಂ. ಮೊದಲ ಐದು ಕಾಲಂ ಸಾಲಿನ ನಂಬರಿಗೆ, ಆರನೆಯದು ಹಿಂದಿನ ಸಾಲು ಮುಂದುವರಿದಿದೆ ಅಂತ ಹೇಳಲು. ಏಳರಿಂದ 72ರವರೆಗೆ ನಿಜವಾದ ವಿಷಯ. "ಆರು ಜಾಗ ಬಿಟ್ಟು ಶುರುಮಾಡು" ಅಂದರು. ಹಿರಿಯರ ಮಾತು, ಬಿಟ್ಟೆ. ಪೈಥಾನ್ ಮೊದಲ ಸಾಲಿಗೇ "ಇಂಡೆಂಟೇಶನ್ ಎರರ್" ಅಂತ ಮುಖ ತಿರುಗಿಸಿತು. ಅದರಲ್ಲಿ ಸಾಲಿನ ಮುಂದೆ ಬಿಡುವ ಜಾಗಕ್ಕೂ ಅರ್ಥವಿದೆ, ಎಲ್ಲೆಂದರಲ್ಲಿ ಬಿಡುವಂತಿಲ್ಲ. ರಾಯರಿಗೆ ಮಾತ್ರ ಇದು ಕೇಳಿ ಖುಷಿಯೋ ಖುಷಿ. "ಶಿಸ್ತಿನ ಭಾಷೆ ಕಣಯ್ಯಾ" ಅಂದರು.

ಎಣಿಕೆ ಒಂದರಿಂದ ಶುರು ಅನ್ನುವುದೂ ರಾಯರ ಪಾಠವೇ. ಫೋರ್ಟ್ರಾನಿನಲ್ಲಿ ಪಟ್ಟಿಯ ಮೊದಲನೆಯದು ಒಂದು. ಪೈಥಾನಿನಲ್ಲಿ ಅದು ಸೊನ್ನೆ. ಹೀಗಾಗಿ ಮೂವತ್ತು ರೈತರ ಪಟ್ಟಿಯಲ್ಲಿ ಮೊದಲನೆಯವರ ಬಾಕಿಯೇ ಮಾಯ. ಅವರು ಯಜಮಾನರ ಬೀಗರು. ಬೇಕಂತಲೇ ಬಿಟ್ಟಿದ್ದಾನೆ, ಬುದ್ಧಿವಂತ ಅಂದುಕೊಂಡು ಯಜಮಾನರು ಏನೂ ಕೇಳಲಿಲ್ಲ. ಸರಿ, ಸೊನ್ನೆಯಿಂದ ಶುರುಮಾಡಿ 29ರವರೆಗೆ ಎಣಿಸಲಿ ಅಂತ ರೇಂಜ್(0, 29) ಅಂತ ಬರೆದೆ. ಪೈಥಾನಿನ ರೇಂಜ್ ಕೊನೆಯ ಸಂಖ್ಯೆಯನ್ನು ಮುಟ್ಟುವುದಿಲ್ಲ, 28ಕ್ಕೇ ನಿಂತುಬಿಡುತ್ತದೆ. ಈ ಸಲ ಮೂವತ್ತನೆಯವರು ಹೋದರು. ಅವರು ಬೀಗರಲ್ಲ. ಯಜಮಾನರು ಒಂದೇ ನಿಮಿಷದಲ್ಲಿ ಕಂಡುಹಿಡಿದರು.

ನನಗೆ ಗುರು ಸಿಕ್ಕಿದ್ದು ಬೇಕರಿಯಲ್ಲಿ. ಸಂಜೆ ಖಾರ ಬನ್ ಕಟ್ಟಿಸಿಕೊಳ್ಳಲು ಹೋದಾಗ ಲ್ಯಾಪ್‌ಟಾಪ್ ಜೊತೆಗಿತ್ತು, ತಲೆಯಲ್ಲಿ ಎರಡು ಚೀಲದ ಲೆಕ್ಕ ಕೊರೆಯುತ್ತಿತ್ತು. ಬೇಕರಿ ಹುಡುಗ ಕೆಲವು ವರ್ಷ ಬೆಂಗಳೂರಿನಲ್ಲಿ ಪ್ರೋಗ್ರಾಂ ಬರೆದುಕೊಂಡಿದ್ದವನು. ಅಪ್ಪನಿಗೆ ಮಂಡಿ ನೋವು ಜಾಸ್ತಿಯಾದ ಮೇಲೆ ಬಂದು ಅಂಗಡಿ ವಹಿಸಿಕೊಂಡ. ಒಳಗೆ ದೊಡ್ಡ ಮೇಜಿನ ಮೇಲೆ ಹಿಟ್ಟು ನಾದುತ್ತಿದ್ದ. ಎರಡೂ ಕೈಗೆ ಮೊಣಕೈವರೆಗೆ ಮೈದಾ. ಕನ್ನಡಕ ಜಾರಿದರೆ ಭುಜದಿಂದ ಮೇಲೆ ತಳ್ಳುತ್ತಾನೆ.

"ಏನಣ್ಣ, ಮುಖ ಹಿಂಗಿದೆ?"

"ಐವತ್ತು ಕಿಲೋದ ಎರಡು ಚೀಲ ಕೂಡಿದ್ರೆ 5050 ಕಿಲೋ ಅಂತಿದೆ ಕಣೋ. ಎರರ್ರೂ ಕೊಡ್ತಿಲ್ಲ."

ಅವನ ಕೈ ಒಂದು ಸಲ ಕೀಬೋರ್ಡಿನ ಕಡೆ ಬಂತು. ನಾನು ನೋಡಿದೆ. ಜರುಗಲು ತಯಾರಾದೆ ಕೂಡ. ಆದರೆ ಬೆರಳುಗಳ ನಡುವೆ ಹಿಟ್ಟು ಜೋತಾಡುತ್ತಿತ್ತು. ಕೈ ವಾಪಸ್ ಹೋಯಿತು. ಗಲ್ಲದಿಂದ ಪರದೆ ತೋರಿಸಿ ಹೇಳಿದ: "ಅದು 50 ಅಂತ ನೀವು ಅಂದ್ಕೊಂಡಿದೀರಿ. ಪೈಥಾನ್ ಏನಂದ್ಕೊಂಡಿದೆ ಕೇಳಿ. ಟೈಪ್ ಅಂತ ಹೊಡೀರಿ, ಬ್ರ್ಯಾಕೆಟ್ ಒಳಗೆ ತೂಕ ಹಾಕಿ."

ಹೊಡೆದೆ. ಅವನು ಕಾದ. ಬ್ರ್ಯಾಕೆಟ್ ಹುಡುಕುವಷ್ಟು ಹೊತ್ತೂ ಕಾದ, ಬೇರೆ ದಾರಿ ಇರಲಿಲ್ಲ. ಫೈಲಿನಿಂದ ಓದಿದ 50 ಸಂಖ್ಯೆಯಾಗಿರಲಿಲ್ಲ, ಬರೀ ಅಕ್ಷರಗಳು. ಅಕ್ಷರಕ್ಕೆ ಅಕ್ಷರ ಕೂಡಿಸಿದರೆ ಪಕ್ಕಪಕ್ಕ ಅಂಟಿಸಿ ಕೊಡುತ್ತದೆ, ಅಷ್ಟೇ. ಇಂಟ್ ಅಂತ ಹಾಕಿ ಸಂಖ್ಯೆ ಮಾಡಿದ ಮೇಲೆ ನೂರು ಬಂತು. ಆಮೇಲೆ ಮುಂದಿನ ರೈತರ ಹತ್ತಿರ ಹೋಗಿ ಪರದೆ ತುಂಬ ಕೆಂಪು ಸಾಲು ಕಾರಿತು.

"ಮೇಲಿಂದ ಓದ್ಬೇಡಿ, ಹೆದರಿಕೆ ಆಗುತ್ತೆ. ಕೊನೇ ಸಾಲು ಓದಿ."

ಕೊನೆಯ ಸಾಲಿನಲ್ಲಿ ಪೈಥಾನ್ ಸರಿಯಾಗಿಯೇ ಹೇಳಿತ್ತು: "50 ಕೆಜಿ" ಅಂತ ಬರೆದಿದ್ದೀರಿ, ಇದನ್ನು ಸಂಖ್ಯೆ ಮಾಡಲು ನನ್ನಿಂದಾಗದು. ಕೆಜಿ ಅಂತ ಸೇರಿಸಿದವರು ಯಜಮಾನರೇ. ಅದನ್ನು ಅಳಿಸಿ ಓಡಿಸಿದರೆ ಪೂರ್ತಿ ಪಟ್ಟಿ ಸರಾಗ ಓಡಿತು. ನೋಡಿದರೆ ಒಂದು ಕಡೆ ಯಜಮಾನರು ಕನ್ನಡ ಅಂಕಿಯಲ್ಲಿ ೫೦ ಅಂತ ಹಾಕಿದ್ದಾರೆ, ಪೈಥಾನ್ ಅದನ್ನು ತಕರಾರಿಲ್ಲದೆ ಐವತ್ತು ಅಂತ ಓದಿಕೊಂಡಿದೆ! ಕೆಜಿ ಅಂದರೆ ಮುನಿಸು, ಕನ್ನಡ ಅಂಕಿಗೆ ಏನೂ ಇಲ್ಲ. ಇದು ಬೇಕರಿ ಹುಡುಗನಿಗೂ ಗೊತ್ತಿರಲಿಲ್ಲ. ನಾದುವುದು ನಿಲ್ಲಿಸಿ "ಹೌದಾ? ಇನ್ನೊಂದ್ಸಲ ಓಡ್ಸಿ" ಅಂದ. ಅಷ್ಟರಲ್ಲಿ ಗಲ್ಲಾ ಹತ್ತಿರ ಒಬ್ಬರು "ರೀ, ದಿಲ್‌ಪಸಂದ್ ಇದೆಯಾ ಇಲ್ವಾ?" ಅಂತ ಮೂರನೇ ಸಲ ಕೂಗಿದರು.

ಆವತ್ತಿನಿಂದ ಹಿಟ್ಟು ನಾದುವ ಹೊತ್ತಿಗೆ ಸರಿಯಾಗಿ ಹೋಗಿ ಬಿಸ್ಕತ್ತಿನ ಟ್ರೇ ಮೇಲೆ ಲ್ಯಾಪ್‌ಟಾಪ್ ಇಟ್ಟು ಕೂರುತ್ತೇನೆ. ಒಂದೆರಡು ಕೀ ಒಳಗೆ ಮೈದಾ ಸೇರಿ ಒತ್ತಿದರೆ ಮೇಲೆ ಬರುವುದಿಲ್ಲ, ಅದು ಬೇರೆ ಮಾತು. ರೌಂಡ್ ಮಾಡಿದರೆ ಎರಡೂವರೆ ಎರಡಾಗುತ್ತದೆ, ಮೂರೂವರೆ ನಾಲ್ಕಾಗುತ್ತದೆ ಅನ್ನುವುದನ್ನೂ ಅಲ್ಲೇ ಕಲಿತೆ. ಸರಿಯಾಗಿ ಅರ್ಧಕ್ಕೆ ನಿಂತರೆ ಪೈಥಾನ್ ಹತ್ತಿರದ ಸಮ ಸಂಖ್ಯೆಗೆ ಹೋಗುತ್ತದೆ. ಯಾವಾಗಲೂ ಮೇಲಕ್ಕೇ ಹೋದರೆ ದೊಡ್ಡ ಲೆಕ್ಕ ಒಂದೇ ಕಡೆ ವಾಲುತ್ತದಲ್ಲ, ಅದಕ್ಕೆ. ಇದನ್ನು ಯಜಮಾನರಿಗೆ ವಿವರಿಸಿದೆ. ಗಮನವಿಟ್ಟು ಕೇಳಿಸಿಕೊಂಡು, "ಹಂಗಾದ್ರೆ ನಾವು ಕೊಡೋದೆಲ್ಲ ಎರಡೂವರೆ ಇಡು, ತಗೊಳೋದೆಲ್ಲ ಮೂರೂವರೆ ಇಡು" ಅಂದರು. ಇಂಥ ತಲೆ ಇಟ್ಟುಕೊಂಡು ಇವರು ಪುಸ್ತಕದಲ್ಲೇ ಬರೆಯುತ್ತಾರೆ, ನೋಡಿ.

ಈಗ ಒಂದು ಆತಂಕ ಬಂದಿದೆ. ಮೊನ್ನೆ ಬೇಕರಿಗೆ ಹಿಟ್ಟು ಕಲಸುವ ಮಷಿನ್ ಬಂತು. ಗುಂಡಿ ಒತ್ತಿದರೆ ಸಾಕು, ಅದೇ ತಿರುಗಿಕೊಂಡು ಕಲಸುತ್ತದೆ. ಹುಡುಗ ಕೈ ತೊಳೆದು, ಟವೆಲ್ಲಿನಲ್ಲಿ ಒರೆಸಿಕೊಂಡು, ಸ್ಟೂಲ್ ಎಳೆದುಕೊಂಡು ನನ್ನ ಪಕ್ಕದಲ್ಲಿ ಕೂತ. ಐದು ನಿಮಿಷದಲ್ಲಿ ಕಾಲು ಅಲುಗಾಡೋಕೆ ಶುರುವಾಯಿತು. "ಅಣ್ಣ, ಒಂಚೂರು ಜರುಗಿ" ಅಂತ ಬಾಯಿ ತೆರೆಯುವಷ್ಟರಲ್ಲಿ "ಮಂಡಿಗೆ ಎರಡು ಡಜನ್ ವೆಜ್ ಪಫ್ ಬೇಕಪ್ಪ, ಬಿಸಿ ಬಿಸಿ, ಈಗಲೇ" ಅಂದುಬಿಟ್ಟೆ. ಪಲ್ಯ ತುಂಬಿ ಮಡಚುವುದು ಇನ್ನೂ ಕೈಯಲ್ಲೇ. ಎದ್ದು ಹೋದ, ಅಲ್ಲಿಂದಲೇ ಪಾಠ ಮುಂದುವರಿಸಿದ. ಹಮಾಲರು ಪಫ್ ತಿಂದು ನನ್ನ ಪ್ರೋಗ್ರಾಂ ಬಹಳ ಚೆನ್ನಾಗಿದೆ ಅಂತಿದ್ದಾರೆ. ಪಫ್ ಮಡಚುವುದಕ್ಕೂ ಮಷಿನ್ ಇದ್ದರೆ ದಯವಿಟ್ಟು ಯಾರೂ ಅವನಿಗೆ ಹೇಳಬೇಡಿ.