ಖಾನಾವಳಿ ಮತ್ತೆ ತೆರೆದ ಸಂತೋಷ

ವಿಜಯಪುರದ ನಮ್ಮ ಓಣಿಯಲ್ಲಿ ಕೆಲವು ವರ್ಷಗಳಿಂದ ಬಾಗಿಲು ಮುಚ್ಚಿದ್ದ ಹಳೆಯ ಖಾನಾವಳಿಯು ಮಾಲೀಕರ ಸೊಸೆಯ ಉಸ್ತುವಾರಿಯಲ್ಲಿ ಮತ್ತೆ ಆರಂಭವಾಗಿರುವ ಸುದ್ದಿ ಓದಿ ಮನಸ್ಸು ತುಂಬಿ ಬಂತು. ಲೇಖನದಲ್ಲಿ ಎಣ್ಣೆಗಾಯಿಯ ರುಚಿಯನ್ನು ಸೊಗಸಾಗಿ ವರ್ಣಿಸಲಾಗಿದೆ. ಆದರೆ ಖಾನಾವಳಿಯ ಜೀವವಿರುವುದು ರೊಟ್ಟಿ ಬಡಿಯುವ ಕೈಯಲ್ಲಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಜೋಳದ ಹಿಟ್ಟಿಗೆ ಗೋಧಿ ಹಿಟ್ಟಿನ ಜಿಗುಟು ಇಲ್ಲದ ಕಾರಣ, ಕುದಿಯುವ ಎಸರು ಹಾಕಿ ಕಲಸಿ, ಚೆನ್ನಾಗಿ ನಾದಿ, ತೆಳ್ಳಗೆ ಬಡಿದು, ಹಂಚಿಗೆ ಹಾಕಿದೊಡನೆ ಒದ್ದೆ ಬಟ್ಟೆಯಿಂದ ನೀರು ಸವರಿ, ಆ ನೀರು ಆರುವ ಹದ ನೋಡಿ ಮಗುಚಿದರೆ ಮಾತ್ರ ರೊಟ್ಟಿ ಉಬ್ಬುತ್ತದೆ. ಅಲ್ಲಿನ ತಾಯಂದಿರು ಇದನ್ನೆಲ್ಲ ಮಾತಾಡುತ್ತಲೇ ಮಾಡುತ್ತಿದ್ದರು. ತಾಟಿನಲ್ಲಿದ್ದ ರೊಟ್ಟಿ ಮುಗಿಯುವ ಮೊದಲೇ ಬಿಸಿಯಾದ ಇನ್ನೊಂದು ಬಂದು ಬೀಳುತ್ತಿತ್ತು, ಜೊತೆಗೆ ಶೇಂಗಾ ಹಿಂಡಿ, ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ. ಹಿಂಗಾರಿನ ಬಿಳಿ ಮಾಲದಂಡಿ ಜೋಳವನ್ನೇ ಬಳಸುವ ಪದ್ಧತಿಯನ್ನು ಹೊಸಬರು ಬಿಡಬಾರದು, ಬೆಲೆ ತುಸು ಹೆಚ್ಚಾದರೂ ಚಿಂತೆಯಿಲ್ಲ. ಇಂಡಿ, ಸಿಂದಗಿ ಕಡೆಯ ಹಳ್ಳಿಗಳಿಂದ ಓದಲು ಬಂದು ಬಾಡಿಗೆ ಕೋಣೆಗಳಲ್ಲಿರುವ ಹುಡುಗರಿಗೆ ಹಿಂದೆ ಇಲ್ಲಿ ತಿಂಗಳ ಲೆಕ್ಕದಲ್ಲಿ ಊಟ ಸಿಗುತ್ತಿತ್ತು. ಊರಿನಿಂದ ಹಣ ಬರುವುದು ತಡವಾದರೂ ಯಾರನ್ನೂ ಹಸಿದು ಕಳಿಸುತ್ತಿರಲಿಲ್ಲ. ಆ ವ್ಯವಸ್ಥೆಯನ್ನೂ ಪುನಃ ಆರಂಭಿಸಬೇಕೆಂದು ಅವರಲ್ಲಿ ಕಳಕಳಿಯಿಂದ ವಿನಂತಿಸುತ್ತೇನೆ.