ತುಂಬ್ಯಾವೋ, ನಡದಾವೋ?

1999ರ ಡಿಸೆಂಬರಿನಲ್ಲಿ ಪೇಪರ್ ತೆರೆದರೆ ಸಾಕು, ಕಂಪ್ಯೂಟರುಗಳೆಲ್ಲ ಕೈಕೊಡುತ್ತವೆ ಎಂಬ ಸುದ್ದಿ. ಇಸವಿಯ ಕೊನೆಯ ಎರಡು ಅಂಕಿ ಮಾತ್ರ ನೆನಪಿಟ್ಟುಕೊಂಡ ಯಂತ್ರಗಳು 00 ಬಂದ ಕೂಡಲೇ ಅದನ್ನು 1900 ಅಂದುಕೊಳ್ಳುತ್ತವಂತೆ. ಬಾಗಲಕೋಟೆಯಲ್ಲಿ ನಾನಾಗ ಕೆಲಸಕ್ಕಿದ್ದ ಪತ್ತಿನ ಸಂಘದಲ್ಲಿ ಕಂಪ್ಯೂಟರೇ ಇರಲಿಲ್ಲ. ಹಾಗಂತ ನಾವು ಪಾರಾಗಲಿಲ್ಲ. ನಮ್ಮ ಪಾವತಿ ಪುಸ್ತಕಗಳಲ್ಲಿ ತಾರೀಖಿನ ಜಾಗದಲ್ಲಿ ‘19’ ಎಂದು ಮೊದಲೇ ಅಚ್ಚಾಗಿತ್ತು. ಮುಂದೆ ಎರಡು ಅಂಕಿಗೆ ಮಾತ್ರ ಜಾಗ. ಒಟ್ಟಿಗೆ ಮಾಡಿಸಿದರೆ ಅಗ್ಗ ಅಂತ ಯಾರೋ ಪುಣ್ಯಾತ್ಮರು ಕಪಾಟಿನ ತುಂಬ ಮಾಡಿಸಿಟ್ಟಿದ್ದರು. ಹೊಸ ಸಹಸ್ರಮಾನಕ್ಕೆ ನಾನು ಕಾಲಿಟ್ಟದ್ದು 19ಕ್ಕೆ ಗೀಟು ಎಳೆದು, ಮೇಲೆ 2000 ಬರೆದು, ಪಕ್ಕಕ್ಕೆ ಚಿಕ್ಕ ಸಹಿ ಹಾಕುತ್ತ. ಒಂದು ಪಾವತಿಗೆ ಎರಡು ಸಹಿ: ಒಂದು ದುಡ್ಡಿಗೆ, ಒಂದು ಇಸವಿಗೆ.

ಮನೆಯಲ್ಲಿ ಕಾಕಾ ಬೇರೆಯೇ ತಕರಾರು ತೆಗೆದಿದ್ದರು. ಅವರು ರಿಟೈರ್ ಆದ ಗಣಿತದ ಮಾಸ್ತರರು. “ಮಿಲೇನಿಯಂಕ್ಕ ಇನ್ನೂ ಒಂದು ವರ್ಷ ಐತಿ. ಈಗ ಪಟಾಕಿ ಹೊಡದ್ರ ತೊಟ್ಲದಾಗಿನ ಕೂಸಿಗೆ ಬಾಸಿಂಗ ಕಟ್ಟಿದಂಗ” ಎನ್ನುತ್ತಿದ್ದರು. ಈ ಇಸವಿಯ ಎಣಿಕೆ ಹಾಕಿಕೊಟ್ಟದ್ದು 525ರಲ್ಲಿ, ಡಯೊನಿಸಿಯಸ್ ಎಂಬ ಸನ್ಯಾಸಿ. ರೋಮನ್ ಅಂಕಿಗಳಲ್ಲಿ ಸೊನ್ನೆ ಇಲ್ಲ, ಹಾಗಾಗಿ ಲೆಕ್ಕ ಒಂದರಿಂದಲೇ ಶುರು. ಕ್ರಿ.ಪೂ. 1 ಮುಗಿದರೆ ಮರುದಿನವೇ ಕ್ರಿ.ಶ. 1. ಅಂದಮೇಲೆ ಎರಡು ಸಾವಿರ ವರ್ಷ ಪೂರ್ತಿಯಾಗುವುದು 2000ದ ಡಿಸೆಂಬರ್ 31ಕ್ಕೆ ಅಲ್ವಾ?

ಅವ್ವ ಇದನ್ನೆಲ್ಲ ಕೇಳಿಸಿಕೊಂಡು ಶೇಂಗಾ ಸುಲಿಯುತ್ತ ಒಂದೇ ಮಾತು ಕೇಳಿದಳು. “ಎರಡು ಸಾವಿರ ತುಂಬ್ಯಾವೋ, ನಡದಾವೋ?”

ನಮ್ಮ ಕಡೆ ಹುಡುಗರ ವಯಸ್ಸು ಕೇಳುವುದೇ ಹೀಗೆ. ‘ಹತ್ತು ತುಂಬಿ ಹನ್ನೊಂದರಾಗ ಬಿದ್ದಾನ’ ಎಂದರೆ ಎಲ್ಲ ಬಗೆಹರಿಯಿತು. ವಯಸ್ಸು ಹೇಳುವಾಗ ತುಂಬಿದ್ದನ್ನು ಹೇಳುತ್ತೇವೆ, ಇಸವಿ ಹೇಳುವಾಗ ನಡೆಯುತ್ತಿರುವುದನ್ನು. ಇಷ್ಟಕ್ಕೆ ಆ ವರ್ಷ ದೊಡ್ಡ ದೊಡ್ಡವರೆಲ್ಲ ಪೇಪರಿನಲ್ಲಿ ಜಗಳಾಡಿದರು.

ಕಾಕಾಗೆ ಹುರುಪು ಬಂದುಬಿಟ್ಟಿತು. ಜನವರಿ 2, ರವಿವಾರ. ನನ್ನನ್ನು ಬಸ್ಸು ಹತ್ತಿಸಿ ಐಹೊಳೆಗೆ ಕರೆದುಕೊಂಡು ಹೋದರು. ಮೇಗುತಿ ಗುಡಿಯ ಮೆಟ್ಟಿಲು ಹತ್ತುವಷ್ಟರಲ್ಲಿ ಇಬ್ಬರಿಗೂ ಏದುಸಿರು. ಗೋಡೆಯ ಮೇಲೆ ರವಿಕೀರ್ತಿಯ ಶಾಸನ. ಇಮ್ಮಡಿ ಪುಲಕೇಶಿಯನ್ನು ಹೊಗಳುತ್ತ ಕವಿ ತನ್ನನ್ನು ಕಾಳಿದಾಸ, ಭಾರವಿಯರ ಸಾಲಿಗೆ ಸೇರಿಸಿಕೊಂಡದ್ದು ಎಲ್ಲರಿಗೂ ಗೊತ್ತು. ಕಾಕಾ ಬಂದದ್ದು ಅದಕ್ಕಲ್ಲ, ತಾರೀಖಿಗೆ. ಭಾರತ ಯುದ್ಧದಿಂದ 3735 ವರ್ಷ, ಶಕರಾಜರ ಲೆಕ್ಕದಲ್ಲಿ 556 ವರ್ಷ ‘ಕಳೆದಾಗ’ ಎಂದು ಅದರಲ್ಲಿದೆ. ನಮ್ಮ ಇಸವಿಯಲ್ಲಿ 634. “ನೋಡು, ಕಳೆದಾಗ ಅಂದಾನ. ತುಂಬಿದ್ದು!” ಎಂದು ಕಾಕಾ ಗೋಡೆಯತ್ತ ಬೆರಳು ಮಾಡಿ ತೋರಿಸಿದರು. ಅವ್ವನ ಪ್ರಶ್ನೆಗೆ ಕವಿ ಕಲ್ಲಿನಲ್ಲೇ ಉತ್ತರ ಕೊಟ್ಟುಹೋಗಿದ್ದ. ನನಗೆ ಆ ಅಕ್ಷರ ಒಂದೂ ಓದಲು ಬರಲಿಲ್ಲ, ಸುಮ್ನೆ ತಲೆಯಾಡಿಸಿದೆ.

ತಿರುಗಿ ಬರುವಾಗ ಬಸ್ಸಿನಲ್ಲಿ ಇನ್ನೊಂದು ಕಥೆ. ಶಕವರ್ಷ ಸಾವಿರ ಅಂದರೆ 1078. ಕನ್ನಡ ನಾಡಿನದೇ ಒಂದು ಮಿಲೇನಿಯಂ ಆಗಬೇಕಿತ್ತು. ಅದಕ್ಕೆ ಎರಡೇ ವರ್ಷ ಇದೆ ಅನ್ನುವಾಗ, 1076ರಲ್ಲಿ, ಆರನೆಯ ವಿಕ್ರಮಾದಿತ್ಯ ಕಲ್ಯಾಣದಲ್ಲಿ ಪಟ್ಟಕ್ಕೆ ಬಂದ. ಶಕವರ್ಷವನ್ನು ಬದಿಗಿಟ್ಟು ಚಾಳುಕ್ಯ ವಿಕ್ರಮವರ್ಷ ಎಂದು ತನ್ನದೇ ಲೆಕ್ಕ ಶುರು ಮಾಡಿದ. ಶಕ ಸಾವಿರ ಬಂದಾಗ ಅರಮನೆಯ ಲೆಕ್ಕದಲ್ಲಿ ಬರೀ ಮೂರು! ಕಾಕಾಗೆ ಅದರ ಮೇಲೆ ಇನ್ನೂ ಸಿಟ್ಟಿತ್ತು. ನನಗೆ ಮಾತ್ರ ಕಲ್ಲು ಕೆತ್ತುವವನ ಚಿಂತೆ. ರೂಢಿಯ ಮೇಲೆ ಕೈ ‘ಶಕವರ್ಷ’ ಎಂದು ಕೆತ್ತಿಬಿಟ್ಟರೆ ಏನು ಗತಿ? ಗೀಟು ಎಳೆದು ಪಕ್ಕಕ್ಕೆ ಸಹಿ ಹಾಕಲು ಬರುವುದಿಲ್ಲವಲ್ಲ.

ಫೆಬ್ರುವರಿಯಲ್ಲಿ ಸಂಘದಲ್ಲೂ ಒಂದು ರಾಮಾಯಣ ಆಯಿತು. ನೂರರ ವರ್ಷಕ್ಕೆ 29ನೇ ತಾರೀಖು ಇರುವುದಿಲ್ಲ ಎಂದು ಎಲ್ಲೋ ಓದಿದ್ದ ಮೇಲಿನವರೊಬ್ಬರು ಠೇವಣಿಗಳಿಗೆ ಒಂದು ದಿನದ ಬಡ್ಡಿ ಕಡಿಮೆ ಹಾಕಿಸಿದರು. 400ರಿಂದ ಭಾಗವಾದರೆ ಇರುತ್ತದೆ, 1900ಕ್ಕೆ ಇರಲಿಲ್ಲ, 2000ಕ್ಕೆ ಇದೆ ಎಂದು ನಾನು ಹೇಳಿದರೆ ನಂಬಲಿಲ್ಲ. ಗೋಡೆಯ ಕ್ಯಾಲೆಂಡರ್ ತೋರಿಸಿದ ಮೇಲೆ ನಂಬಿದರು. ಲೆಕ್ಕವನ್ನೆಲ್ಲ ಮತ್ತೆ ಮಾಡಿದವನು ನಾನು.

2001ರ ಜನವರಿ 1, ಸೋಮವಾರ. ಕಾಕಾ ಹೊಸ ಧೋತರ ಉಟ್ಟು, ಅಮೀನಗಡದ ಕರದಂಟು ತರಿಸಿ ಓಣಿಯ ತುಂಬ ಹಂಚಿದರು.

“ಏನ್ರೀ ಮಾಸ್ತರ, ಏನ್ ವಿಶೇಷ?”

“ಇವತ್ತಿಗೆ ಹೊಸ ಸಹಸ್ರಮಾನ.”

“ಅದು ಹ್ವಾದ ವರ್ಷ ಆತಲ್ರೀ?”

ಹಾಗೆನ್ನುತ್ತಲೇ ಇನ್ನೊಂದು ತುಂಡಿಗೆ ಕೈ ಹಾಕಿದರು. ನಾನೂ ಒಂದು ಬಾಯಿಗೆ ಹಾಕಿಕೊಂಡು ಸಂಘಕ್ಕೆ ಹೋದೆ. ಕಪಾಟಿನಲ್ಲಿ ಹತ್ತೊಂಬತ್ತರ ಪಾವತಿ ಪುಸ್ತಕ ಇನ್ನೂ ಎರಡು ಉಳಿದಿದ್ದವು.