ಹಿಡಿಯೊಳಗಿನ ಬಾಲ

ವೈಕಿಂಗರೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಉದ್ದನೆಯ ಕತ್ತಿ, ಕೊಡಲಿ ಮತ್ತು ಅವರೆಂದೂ ತೊಡದಿದ್ದ ಕೊಂಬಿನ ಶಿರಸ್ತ್ರಾಣ. ಆದರೆ 9–10ನೆಯ ಶತಮಾನದ ಸ್ಕ್ಯಾಂಡಿನೇವಿಯದಲ್ಲಿ ಗಂಡು ಹೆಣ್ಣೆನ್ನದೆ ಜನ ಮೈಮೇಲೆ ಇಟ್ಟುಕೊಂಡು ತಿರುಗುತ್ತಿದ್ದುದು ಒಂದು ಸಣ್ಣ ಚಾಕುವನ್ನು. ಮೀನು ಸೀಳುವುದಕ್ಕೂ ಹಗ್ಗ ಕೊಯ್ಯುವುದಕ್ಕೂ ಊಟದ ಮಾಂಸಕ್ಕೂ ಅದೇ ಆಗಬೇಕು. ದಿನಕ್ಕೆ ನೂರು ಸಲ ಕೈಗೆ ಬರುವ ಇಂಥ ವಸ್ತುವಿನಲ್ಲಿ ಅಲಗಿನಷ್ಟೇ ಹಿಡಿಗೂ ಬೆಲೆಯಿದೆ ಎಂಬುದು ನನ್ನ ಪಕ್ಷ.

ಇಂದಿನ ಅಡುಗೆಮನೆಯ ಚಾಕುಗಳಲ್ಲಿ ಅಲಗಿನ ಎರಡು ಮಗ್ಗುಲಿಗೂ ಪಟ್ಟಿಯಿಟ್ಟು ರಿವೆಟ್ ಹೊಡೆದಿರುವುದು ಸಾಮಾನ್ಯ. ವೈಕಿಂಗರ ಚಾಕುವಿನ ಕ್ರಮ ಬೇರೆ. ಕಮ್ಮಾರನು ಅಲಗಿನ ಹಿಂಭಾಗವನ್ನು ಬಡಿದು ಸಪೂರವಾದ, ತುದಿಯತ್ತ ಮೊನಚಾಗುವ ಬಾಲವೊಂದನ್ನು ಎಳೆಯುತ್ತಿದ್ದನು. ಇಡೀ ಹಿಡಿಯನ್ನು ಒಂದೇ ತುಂಡಿನಿಂದ ಮಾಡಿ, ಅದರ ನಡುವೆ ತೂತು ಕೊರೆದು, ಈ ಬಾಲವನ್ನು ಒಳಗೆ ತೂರಿಸಲಾಗುತ್ತಿತ್ತು. ತೂತು ಕೊರೆಯಲು ಬೈರಿಗೆಯಿತ್ತು. 1936ರಲ್ಲಿ ಸ್ವೀಡನ್ನಿನ ಗಾಟ್‌ಲೆಂಡ್ ದ್ವೀಪದ ಮೆಸ್ಟರ್‌ಮೀರ್ ಎಂಬಲ್ಲಿ ಉಳುವಾಗ ಸಿಕ್ಕಿದ ಓಕ್ ಮರದ ಪೆಟ್ಟಿಗೆಯಲ್ಲಿ, ಕಮ್ಮಾರ ಮತ್ತು ಬಡಗಿಯ ಹತ್ಯಾರುಗಳ ನಡುವೆ, ಅಂಥ ಬೈರಿಗೆಗಳೂ ಇದ್ದವು.

ಬಾಲ ಚಪ್ಪಟೆ, ಕೊರೆದ ತೂತು ಗುಂಡು. ಹೊಂದಿಸುವ ಕಷ್ಟ ಇರುವುದು ಇಲ್ಲಿಯೇ. ಇಂಥ ಚಾಕುಗಳನ್ನು ಇಂದಿಗೂ ಮಾಡುವವರು ತೂತನ್ನು ಬೇಕೆಂದೇ ಇಕ್ಕಟ್ಟಾಗಿ ಬಿಟ್ಟು, ಬಾಲವನ್ನು ಕಾಯಿಸಿ ಒತ್ತುತ್ತಾರೆ. ಮರವು ಒಳಗೇ ಸುಟ್ಟು ಬಾಲದ ಆಕಾರಕ್ಕೆ ಜಾಗ ಕೊಡುತ್ತದೆ. ಆ ಹೊತ್ತಿಗೆ ಅಲಗನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಹಿಡಿಯಬೇಕು, ಇಲ್ಲವಾದರೆ ಕಾವು ಬಾಯಿಯವರೆಗೆ ಏರಿ, ಅಲ್ಲಿ ಬೆಸೆದ ಉಕ್ಕಿನ ಹದ ಕೆಟ್ಟುಹೋಗುತ್ತದೆ. ಸುಡುವುದು ಅತಿಯಾದರೂ ಕೆಲಸ ಕೆಟ್ಟಿತು. ಇದ್ದಿಲು ಉದುರಿ ಹಿಡಿ ಲಟಲಟ ಎನ್ನುತ್ತದೆ. ನಮ್ಮ ಮಲೆನಾಡಿನ ಕತ್ತಿಗೆ ಹಿಡಿ ಹಾಕುವವರಿಗೆ ಈ ತಾಪತ್ರಯವನ್ನು ವಿವರಿಸಬೇಕಾಗಿಲ್ಲ. ಕೆಲವು ಚಾಕುಗಳಲ್ಲಿ ಬಾಲವು ಹಿಡಿಯನ್ನು ಪೂರ್ತಿ ಹಾಯ್ದು ಹಿಂದೆ ಇಣುಕುತ್ತಿತ್ತು. ಆ ತುದಿಗೆ ಲೋಹದ ಬಿಲ್ಲೆಯೊಂದನ್ನು ಕೂರಿಸಿ, ಮೇಲೆ ಉಳಿದ ಚೂರನ್ನು ಬಡಿದು ಮಡಿಸಿದರೆ ಹಿಡಿ ಕಳಚುವ ಮಾತೇ ಇಲ್ಲ.

ಮರದ ಜೊತೆಗೆ ಮೂಳೆ ಮತ್ತು ಜಿಂಕೆಯ ಕವಲುಗೊಂಬುಗಳೂ ಹಿಡಿಯಾಗುತ್ತಿದ್ದವು. ಕವಲುಗೊಂಬು ವರ್ಷಕ್ಕೊಮ್ಮೆ ತಾನಾಗಿ ಉದುರುವುದರಿಂದ ಅದಕ್ಕಾಗಿ ಪ್ರಾಣಿಯನ್ನು ಕೊಲ್ಲಬೇಕಾಗಿರಲಿಲ್ಲ. ಹೊರಗೆ ಗಟ್ಟಿ, ಒಳಗೆ ರಂಧ್ರಮಯವಾಗಿರುವುದರಿಂದ ಬಾಲ ಇಳಿಸಲು ಅದು ಹೇಳಿ ಮಾಡಿಸಿದಂತಿತ್ತು. ಸಿರಿವಂತರು ಹಿಡಿಗೆ ಬೆಳ್ಳಿ ತಂತಿ ಸುತ್ತಿಸುತ್ತಿದ್ದರು. ಸ್ವೀಡನ್ನಿನಲ್ಲಿದ್ದ ಆ ಕಾಲದ ವ್ಯಾಪಾರಪಟ್ಟಣ ಬಿರ್ಕಾದ ಗೋರಿಗಳಲ್ಲಿ ಅಂಥವು ದೊರೆತಿವೆ.

ಹೆಚ್ಚಿನ ಹಿಡಿಗಳು ಮಣ್ಣಾಗಿವೆ. ವಸ್ತುಸಂಗ್ರಹಾಲಯಗಳ ಗಾಜಿನ ಹಿಂದೆ ಸಾಮಾನ್ಯವಾಗಿ ಕಾಣುವುದು ತುಕ್ಕು ಹಿಡಿದ ಅಲಗು ಮತ್ತು ಬೋಳು ಬಾಲ. ಆದರೆ ಕಬ್ಬಿಣವನ್ನು ತಿಂದ ಆ ತುಕ್ಕೇ ಕೆಲವೊಮ್ಮೆ ಪಕ್ಕದ ಮರದ ನಾರಿನೊಳಗೆ ಇಳಿದು, ಮರ ಕೊಳೆಯುವ ಮೊದಲೇ ಅದರ ಅಚ್ಚನ್ನು ಹಿಡಿದಿಡುತ್ತದೆ. ಬಾಲಕ್ಕೆ ಅಂಟಿದ ಆ ಕಂದು ಹಕ್ಕಳೆಯನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ, ಮರ ಯಾವ ಜಾತಿಯದೆಂದು ತಜ್ಞರು ಎಷ್ಟೋ ಬಾರಿ ಹೇಳಬಲ್ಲರು. ಕಬ್ಬಿಣದ ಪರಮಶತ್ರುವಿನಿಂದ ಮರಕ್ಕೆ ಇಂಥದೊಂದು ಉಪಕಾರ!

ಇನ್ನೊಂದು ಸಾಕ್ಷಿ ಚರ್ಮದ ಒರೆಯದು. ವೈಕಿಂಗರು ಗೆದ್ದು ನೆಲೆಸಿದ್ದ ಇಂಗ್ಲೆಂಡಿನ ಯಾರ್ಕ್ ನಗರದ ಕಾಪರ್‌ಗೇಟ್ ಬೀದಿಯಲ್ಲಿ 1976ರಿಂದ 1981ರವರೆಗೆ ನಡೆದ ಉತ್ಖನನದಲ್ಲಿ, ಜೌಗು ಮಣ್ಣಿನ ದೆಸೆಯಿಂದ ಚರ್ಮವೂ ಮರವೂ ಉಳಿದುಬಂದವು. ಆ ಕಾಲದ ಒರೆಗಳಲ್ಲಿ ಅಲಗಿನ ಭಾಗಕ್ಕೆ ಒಂದು ಚಿತ್ತಾರ, ಹಿಡಿಯ ಭಾಗಕ್ಕೆ ಮತ್ತೊಂದು ಚಿತ್ತಾರ ಇರುವುದುಂಟು. ಎಂದರೆ ಅಲಗು ಮಾತ್ರವಲ್ಲ, ಹಿಡಿಯ ಬಹುಭಾಗವೂ ಒರೆಯೊಳಗೇ ಇಳಿದು ಕೂರುತ್ತಿತ್ತು. ಇಷ್ಟು ಆಳಕ್ಕೆ ಇಳಿಯುವ ಹಿಡಿ ನುಣುಪಾಗಿ, ಉಬ್ಬುತಗ್ಗಿಲ್ಲದೆ ಇರಲೇಬೇಕಲ್ಲವೇ? ಹೀಗಿರುವಾಗ, ಹಿಡಿಯ ತುಂಬ ಡ್ರ್ಯಾಗನ್ ತಲೆಗಳನ್ನು ಉಬ್ಬಿಸಿ, ಎರಡು ಪಟ್ಟಿಗಳ ನಡುವೆ ಅಲಗಿಟ್ಟು ರಿವೆಟ್ ಜಡಿದು, ಅಪ್ಪಟ ವೈಕಿಂಗ್ ಚಾಕುವೆಂದು ಇಂದು ಮಾರುವ ಸರಕನ್ನು ಆ ಕಾಲದ ಒರೆಗೆ ಇಳಿಸುವುದು ಹೇಗೆಂದು ಮಾರುವವರೇ ತೋರಿಸಿಕೊಡಬೇಕು.